ಆನ್‌ಲೈನ್ ಗೆಳೆಯರ ಮೊದಲ ಭೇಟಿ: ಎದ್ದು ಬರುವ ದಾರಿ ಮೊದಲು ನೋಡಿಕೊಳ್ಳಿ

ಆನ್‌ಲೈನ್‌ನಲ್ಲಿ ಪರಿಚಯವಾದವರನ್ನು ಮೊದಲ ಸಲ ಎದುರಿಗೆ ಕಾಣುವ ಮುನ್ನ ಹೆಚ್ಚಿನವರು ತಲೆ ಕೆಡಿಸಿಕೊಳ್ಳುವುದು ಎರಡು ವಿಷಯಕ್ಕೆ: ಏನು ಹಾಕಿಕೊಳ್ಳಲಿ, ಏನು ಮಾತಾಡಲಿ. ಅವೆರಡೂ ಹೇಗೋ ನಡೆದುಹೋಗುತ್ತವೆ. ಸಾಕು ಅನ್ನಿಸಿದ ಗಳಿಗೆಯಲ್ಲಿ ಅಲ್ಲಿಂದ ಎದ್ದು ಬರುವುದು ಹೇಗೆ ಅನ್ನುವುದನ್ನು ಮಾತ್ರ ಯಾರೂ ಯೋಚಿಸುವುದಿಲ್ಲ. ನನ್ನ ಪ್ರಕಾರ ಇಡೀ ಭೇಟಿಯನ್ನು ಅಲ್ಲಿಂದಲೇ ಹಿಂದಕ್ಕೆ ಲೆಕ್ಕ ಹಾಕುತ್ತ ಬರಬೇಕು. ಜಾಗ, ಹೊತ್ತು, ಗಾಡಿ, ಬಿಲ್ಲು, ಮನೆಯವರಿಗೆ ಹೇಳುವ ಮಾತು, ಎಲ್ಲಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಇದು ನಾನು ಹೊರಡುವುದನ್ನು ಸುಲಭ ಮಾಡುತ್ತದೋ, ಕಷ್ಟ ಮಾಡುತ್ತದೋ?

ಇದು ಬರೀ ಹೆದರಿಕೆಯ ಮಾತಲ್ಲ. ಎದುರಿನವರು ಒಳ್ಳೆಯವರೇ ಆಗಿದ್ದು, ಅವರಿಗೆ ನಿಮ್ಮ ಜೊತೆ ಬೇಜಾರಾದರೆ? ಅವರಿಗೂ ಬಿಡುಗಡೆ ಬೇಕಲ್ಲ.

ಫೇಸ್‌ಬುಕ್ಕಿನ ಕವಿತೆ ಗುಂಪು, ಟೆಲಿಗ್ರಾಮಿನ ಪುಸ್ತಕದ ಚಾನೆಲ್, ಬಿಜಿಎಂಐ ಆಡುವ ಸ್ಕ್ವಾಡ್, ಹಕ್ಕಿ ನೋಡುವವರ ವಾಟ್ಸಾಪ್ ಗುಂಪು, 2021ರಲ್ಲಿ ನಡುರಾತ್ರಿ ದಾಟಿದರೂ ಮುಗಿಯದ ಕ್ಲಬ್‌ಹೌಸ್ ಹರಟೆ... ಗೆಳೆತನ ಎಲ್ಲಿಂದ ಬೇಕಾದರೂ ಬಂದಿರಲಿ. ಪ್ರೀತಿ, ಮದುವೆಯ ಉದ್ದೇಶದ ಭೇಟಿಗೂ ಮುಂದೆ ಹೇಳುವುದು ಅನ್ವಯಿಸುತ್ತದೆ, ಹೆಚ್ಚೇ ಅನ್ವಯಿಸುತ್ತದೆ.

ಇವರು ಯಾರು?

ಮೂರು ವರ್ಷದಿಂದ ಒಂದೇ ಗುಂಪಿನಲ್ಲಿ ಬರೆಯುತ್ತಿರುವವರು ಬೇರೆ, ಹೋದ ತಿಂಗಳು ಇನ್‌ಸ್ಟಾಗ್ರಾಮಿನಲ್ಲಿ ‘ಹಾಯ್’ ಎಂದವರು ಬೇರೆ. ಹಳಬರು ಯಾರೊಂದಿಗೆ ಜಗಳವಾಡಿದರು, ಯಾರಿಗೆ ಕ್ಷಮೆ ಕೇಳಿದರು, ಚುನಾವಣೆ ಬಂದಾಗ ಹೇಗೆ ಕೂಗಾಡಿದರು ಎಂಬುದೆಲ್ಲ ಅಲ್ಲೇ ಬಿದ್ದಿರುತ್ತದೆ. ಅಷ್ಟು ದೀರ್ಘ ನಾಟಕ ಆಡುವುದು ಸುಲಭವಲ್ಲ. ಹೊಸಬರ ವಿಷಯದಲ್ಲಿ ಸ್ವಲ್ಪ ಕೆದಕಲೇಬೇಕು, ಅದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ.

ಇನ್‌ಸ್ಟಾಗ್ರಾಮಿನಲ್ಲಿ ಪ್ರೊಫೈಲಿನ ಮೂರು ಚುಕ್ಕಿ ಒತ್ತಿದರೆ ಆ ಖಾತೆಯ ಬಗೆಗಿನ ಮಾಹಿತಿ ತೆರೆದುಕೊಳ್ಳುತ್ತದೆ. ಖಾತೆ ಯಾವ ತಿಂಗಳು, ಯಾವ ವರ್ಷ ಶುರುವಾಯಿತು ಎಂಬುದು ಸಾಮಾನ್ಯವಾಗಿ ಅಲ್ಲಿರುತ್ತದೆ. ಹತ್ತು ವರ್ಷದ ಫೋಟೋಗಳಿರುವ ಖಾತೆ ಎರಡು ತಿಂಗಳ ಹಿಂದೆ ಹುಟ್ಟಿದ್ದರೆ ಯೋಚಿಸಿ. ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿ ನೋಡಿ. ಅದೇ ಮುಖ ಬೇರೆ ಹೆಸರಲ್ಲಿ, ಬೇರೆ ರಾಜ್ಯದ ಮಾಡೆಲ್ ಒಬ್ಬರ ಪುಟದಲ್ಲಿ ಸಿಕ್ಕರೆ ಕಥೆ ಅಲ್ಲಿಗೇ ಮುಗಿಯಿತು.

ಇನ್ನೊಂದು ಉಪಾಯ ನಮ್ಮ ದೇಶದಲ್ಲಿ ಎಲ್ಲರಿಗೂ ಗೊತ್ತು, ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ. ಫೋನ್‌ಪೇ ಅಥವಾ ಗೂಗಲ್ ಪೇಯಲ್ಲಿ ಅವರ ನಂಬರ್ ಹಾಕಿದರೆ, ದುಡ್ಡು ಕಳಿಸುವ ಮುಂಚೆಯೇ ಬ್ಯಾಂಕ್ ಖಾತೆಯ ಹೆಸರು ಕಾಣಿಸುತ್ತದೆ. ‘ಆದಿತ್ಯ’ ಎಂದು ಹೇಳಿಕೊಂಡವರ ನಂಬರಿಗೆ ಬೇರೆಯೇ ಹೆಸರು ಬಂದರೆ ತಕ್ಷಣ ಮೋಸ ಎಂದು ತೀರ್ಮಾನಿಸಬೇಡಿ. ನಂಬರ್ ಅಪ್ಪನ ಹೆಸರಲ್ಲಿರಬಹುದು, ‘ಆದಿತ್ಯ’ ಬರೀ ಕಾವ್ಯನಾಮವಿರಬಹುದು. ನೇರವಾಗಿ ಕೇಳಿ, ಉತ್ತರ ಸಲೀಸಾಗಿ ಬರುತ್ತದೋ ಇಲ್ಲವೋ ನೋಡಿ. ನಿಮ್ಮ ನಂಬರ್ ಕೊಟ್ಟ ಕೂಡಲೇ ನಿಮ್ಮ ಪೂರ್ತಿ ಹೆಸರೂ ಅವರಿಗೆ ಹೀಗೇ ಸಿಗುತ್ತದೆ ಎಂಬುದು ನೆನಪಿರಲಿ. ಅದಕ್ಕೇ ನಂಬರ್ ಕೊಡುವುದನ್ನು ಆದಷ್ಟು ತಡಮಾಡಿ. ಆ್ಯಪ್‌ನೊಳಗಿನ ಕರೆಯಲ್ಲೇ ಬಹಳ ದೂರ ಹೋಗಬಹುದು.

ಒಂದು ವಿಡಿಯೊ ಕಾಲ್ ಆಗದೆ ಭೇಟಿ ಬೇಡ. ಇದರಲ್ಲಿ ನಾನು ಸ್ವಲ್ಪ ಹಟಮಾರಿ. ‘ಕ್ಯಾಮೆರಾ ಹಾಳಾಗಿದೆ’, ‘ನೆಟ್‌ವರ್ಕ್ ಇಲ್ಲ’ ಎಂಬುದು ಒಂದು ಸಲ ನಿಜವಿರಬಹುದು, ಪ್ರತಿ ಸಲವೂ ಅದೇ ಆದರೆ ಅಲ್ಲ. ಹತ್ತು ನಿಮಿಷ ಸಾಕು. ಮಾತಿನ ಮಧ್ಯೆ ‘ಆ ಕಿಟಕಿಯಾಚೆ ಏನು ಕಾಣುತ್ತೆ ತೋರಿಸಿ’ ಅನ್ನಿ, ಫೋನು ತಿರುಗಿಸಲಿ. ಮೊದಲೇ ಮುದ್ರಿಸಿಟ್ಟ ವಿಡಿಯೊ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮುಖ ಒಮ್ಮೆ ನೋಡಿದ್ದರೆ ಭೇಟಿಯ ದಿನದ ಅರ್ಧ ಮುಜುಗರವೂ ಕಳೆಯುತ್ತದೆ, ಅದು ಲಾಭ.

ಇಬ್ಬರಿಗೂ ಗೊತ್ತಿರುವ ಮೂರನೆಯವರು ಇದ್ದರೆ ಅವರನ್ನು ಕೇಳಿ. ಕನ್ನಡದ ಓದು-ಬರಹದ ವಲಯ ಚಿಕ್ಕದು. ಸಾಹಿತ್ಯ ಸಮ್ಮೇಳನದಲ್ಲೋ ಪುಸ್ತಕ ಮೇಳದಲ್ಲೋ ಅವರನ್ನು ಕಂಡವರು ಒಬ್ಬರಾದರೂ ಇರುತ್ತಾರೆ. ‘ಒಳ್ಳೆಯವರಾ?’ ಎಂದು ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ‘ನೀವು ಎದುರಿಗೆ ಭೇಟಿಯಾಗಿದ್ದೀರಾ?’ ಎಂದು ಕೇಳಿ.

ಭೇಟಿಗೆ ಮುಂಚೆಯೇ ದುಡ್ಡಿನ ಮಾತು ಬಂದರೆ ಅಲ್ಲಿಗೆ ನಿಲ್ಲಿಸಿ. ನಿಮಗೆ ಕಳಿಸಿದ ಉಡುಗೊರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಿದೆ, ನಿಮ್ಮನ್ನು ನೋಡಲು ಹೊರಟ ದಾರಿಯಲ್ಲೇ ಪರ್ಸ್ ಕಳೆದಿದೆ, ಅಮ್ಮ ಆಸ್ಪತ್ರೆಯಲ್ಲಿದ್ದಾರೆ, ನಾನು ಹೂಡಿದ ಟ್ರೇಡಿಂಗ್ ಆ್ಯಪ್‌ನಲ್ಲಿ ನೀವೂ ಹೂಡಿ. ವೇಷ ಬೇರೆ ಬೇರೆ, ಆಟ ಒಂದೇ. ದುಡ್ಡು ಹೋಗಿಯೇಬಿಟ್ಟಿದ್ದರೆ 1930ಕ್ಕೆ ಕೂಡಲೇ ಕರೆ ಮಾಡಿ. ಸೈಬರ್ ಆರ್ಥಿಕ ವಂಚನೆಗೆ ದೇಶಕ್ಕೆಲ್ಲ ಇರುವ ಸಹಾಯವಾಣಿ ಅದು. ಹಣ ಖಾತೆಯಿಂದ ಖಾತೆಗೆ ದಾಟುವ ಮುನ್ನ ತಡೆಹಿಡಿಯುವ ಅವಕಾಶ ಇರುವುದು ಮೊದಮೊದಲ ಗಂಟೆಗಳಲ್ಲೇ. ಮನೆಯವರಿಗೆ ಹೇಗೆ ಹೇಳಲಿ ಎಂದು ಒಂದು ರಾತ್ರಿ ಯೋಚಿಸುತ್ತ ಕೂತರೆ ಆ ಅವಕಾಶವೂ ಹೋಗುತ್ತದೆ.

ನೀವು ಹದಿನೆಂಟರ ಒಳಗಿನವರಾದರೆ ಒಬ್ಬರೇ ಹೋಗಬೇಡಿ. ಅಕ್ಕ, ಚಿಕ್ಕಪ್ಪ, ನಂಬುವ ಟೀಚರ್, ಯಾರಾದರೂ ದೊಡ್ಡವರು ಜೊತೆಗಿರಲಿ. ಬರುವವರು ನಿಜಕ್ಕೂ ಗೆಳೆಯರಾಗಿದ್ದರೆ ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ‘ಯಾರಿಗೂ ಹೇಳದೆ ಬಾ’ ಎಂದರೆ ಹೋಗಲೇಬೇಡಿ. ಭಯ ಹುಟ್ಟಿಸುವಂಥದ್ದು ಏನಾದರೂ ಆಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098. ಇನ್ನು ನೀವು ದೊಡ್ಡವರಾಗಿದ್ದು ಆ ಕಡೆಯವರು ಹದಿನೇಳು ಎಂದು ಗೊತ್ತಾದರೆ, ಅವರ ಮನೆಯವರಿಗೆ ತಿಳಿಯದ ಭೇಟಿಗೆ ಒಪ್ಪಬೇಡಿ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಹದಿನೆಂಟರ ಕೆಳಗಿನ ಎಲ್ಲರೂ ಮಕ್ಕಳೇ.

ಯಾರಿಗೆ ಹೇಳಿ ಹೋಗುವುದು?

‘ಮನೆಯಲ್ಲಿ ಹೇಳಿ ಹೋಗಿ’ ಎನ್ನುವುದು ಸುಲಭ. ಎಷ್ಟೋ ಹುಡುಗಿಯರಿಗೆ ಮನೆಯಲ್ಲಿ ಹೇಳಿದರೆ ಭೇಟಿಯ ಜೊತೆ ಫೋನೂ ಹೋಗುತ್ತದೆ. ಹಾಗಿರುವಾಗ ಹೇಳಲು ಒಬ್ಬರನ್ನು ಹುಡುಕಿಕೊಳ್ಳಿ: ಪಿಜಿಯ ರೂಂಮೇಟ್, ಸೋದರತ್ತೆಯ ಮಗಳು, ಆಫೀಸಿನ ಗೆಳತಿ. ಒಬ್ಬರಿಗಾದರೂ ಈ ನಾಲ್ಕು ಗೊತ್ತಿರಲೇಬೇಕು: ಯಾರನ್ನು ನೋಡುತ್ತಿದ್ದೀರಿ (ಫೋಟೋ, ನಂಬರ್, ಪ್ರೊಫೈಲಿನ ಲಿಂಕ್), ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಹೊತ್ತಿಗೆ ವಾಪಸ್.

ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಕಳಿಸುವಾಗ ಹದಿನೈದು ನಿಮಿಷ, ಒಂದು ಗಂಟೆ, ಎಂಟು ಗಂಟೆ ಎಂಬ ಆಯ್ಕೆ ಬರುತ್ತದೆ. ಎಂಟು ಗಂಟೆಯದ್ದೇ ಒತ್ತಿ. ಒಂದು ಗಂಟೆಯದ್ದು ಸರಿಯಾಗಿ ಮಾತು ಬೇಡ ಅನ್ನಿಸುವ ಹೊತ್ತಿಗೆ ಮುಗಿದಿರುತ್ತದೆ. ಅದನ್ನು ಕಳಿಸಬೇಕಾದ್ದು ನಿಮ್ಮ ಗೆಳತಿಗೆ, ಭೇಟಿಗೆ ಬರುವವರಿಗಲ್ಲ. ‘ಎಲ್ಲಿದ್ದೀರಿ, ಲೊಕೇಶನ್ ಕಳಿಸಿ’ ಎಂದು ಅವರು ಕೇಳಿದಾಗ ಮನೆಯಲ್ಲಿ ಕೂತು ಕಳಿಸಿದರೆ ಮನೆಯ ವಿಳಾಸವೇ ಕೊಟ್ಟಂತೆ.

ಭೇಟಿ ಶುರುವಾದ ಮುಕ್ಕಾಲು ಗಂಟೆಗೆ ಒಂದು ಕರೆ ಬರುವಂತೆ ಹೇಳಿಟ್ಟಿರಿ. ಎಲ್ಲ ಸರಿಯಿದ್ದರೆ ‘ಆಮೇಲೆ ಮಾಡ್ತೀನಿ’. ಸರಿಯಿಲ್ಲದಿದ್ದರೆ ಮೊದಲೇ ಗೊತ್ತುಮಾಡಿಕೊಂಡ ಮಾತು, ಉದಾಹರಣೆಗೆ ‘ಗ್ಯಾಸ್ ಸಿಲಿಂಡರ್ ಬಂತಾ?’ ಅದು ಕೇಳಿದ ಕೂಡಲೇ ಆ ಕಡೆಯವರು ‘ಬೇಗ ಬಾ, ಬೀಗದ ಕೈ ನಿನ್ನ ಹತ್ರಾನೇ ಇದೆ’ ಎಂದು ಗದರಬೇಕು. ಹಳೇ ಸಿನಿಮಾ ತರಹ ಅನ್ನಿಸಬಹುದು, ಆದರೆ ಕೆಲಸ ಮಾಡುತ್ತದೆ, ಏಕೆಂದರೆ ಬೀಗದ ಕೈಯ ಮುಂದೆ ಯಾರೂ ವಾದ ಮಾಡುವುದಿಲ್ಲ.

ಜಾಗ

ಬೆಂಗಳೂರಿನ ಲೆಕ್ಕದಲ್ಲಿ ಹೇಳುತ್ತೇನೆ, ಉಳಿದ ಊರುಗಳಿಗೆ ನೀವೇ ಹೊಂದಿಸಿಕೊಳ್ಳಿ.

ಜಾಗವನ್ನು ನೀವು ಸೂಚಿಸಿ, ಇಲ್ಲವೇ ನಿಮಗೆ ಮೊದಲೇ ಗೊತ್ತಿರುವ ಜಾಗಕ್ಕೆ ಮಾತ್ರ ಒಪ್ಪಿ. ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದವರು ತಾವೇ ಹೇಳಿದ ಪಬ್ಬಿಗೆ ಕರೆದೊಯ್ದು, ಸಾವಿರಗಟ್ಟಲೆ ಬಿಲ್ ಬಂದಾಗ ಮಾಯವಾಗುವ, ಹೋಟೆಲಿನವರೂ ಅದರಲ್ಲಿ ಪಾಲುದಾರರಾಗಿರುವ ಪ್ರಕರಣಗಳನ್ನು ದೆಹಲಿ, ಮುಂಬೈ ಪೊಲೀಸರು ದಾಖಲಿಸಿದ್ದಾರೆ. ಹೀಗೆ ಮೋಸಹೋದವರಲ್ಲಿ ಬಹುಪಾಲು ಗಂಡಸರು.

ಮೊದಲ ಭೇಟಿಗೆ ಈ ನಗರದಲ್ಲಿ ದರ್ಶಿನಿಗಿಂತ ಒಳ್ಳೆಯ ಜಾಗ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. 1980ರ ದಶಕದಲ್ಲಿ ಜಯನಗರದಲ್ಲಿ ಶುರುವಾದ ಈ ನಿಂತು ತಿನ್ನುವ ಪದ್ಧತಿ ಅವಸರದ ಜನರಿಗಾಗಿ ಹುಟ್ಟಿದ್ದು. ನಮ್ಮ ಕೆಲಸಕ್ಕೆ ಅದರ ಒಂದೊಂದು ಗುಣವೂ ಹೇಳಿ ಮಾಡಿಸಿದಂತಿದೆ. ದುಡ್ಡು ಮೊದಲೇ ಕೊಟ್ಟು ಟೋಕನ್ ತೆಗೆದುಕೊಂಡಿರುತ್ತೀರಿ, ಬಿಲ್ಲಿಗೆ ಕಾಯುವ ಪ್ರಶ್ನೆಯಿಲ್ಲ. ನಿಂತೇ ಇರುತ್ತೀರಿ, ಹೊರಡುವಾಗ ಏಳಬೇಕಾಗಿಲ್ಲ. ಅಕ್ಕಪಕ್ಕ ಸದಾ ಜನ. ಒಂದು ಬೈಟು ಕಾಫಿ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಮಾತು ಕುದುರಿದರೆ ‘ಇನ್ನೊಂದು ಕಾಫಿ?’ ಅಥವಾ ‘ಸ್ವಲ್ಪ ನಡೆಯೋಣವಾ?’ ಕುದುರದಿದ್ದರೆ ಲೋಟ ಟ್ರೇಯಲ್ಲಿಟ್ಟು ‘ಸಿಗೋಣ’. ಇಬ್ಬರಿಗೂ ಅವಮಾನವಿಲ್ಲ, ಇಬ್ಬರ ಖರ್ಚೂ ಐವತ್ತು ರೂಪಾಯಿ ಆಸುಪಾಸು.

ಅದಕ್ಕೆ ಹೋಲಿಸಿದರೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಮೊದಲ ಭೇಟಿಗೆ ಹೇಳಿ ಮಾಡಿಸಿದ್ದಲ್ಲ. ಹೊರಗಿನಿಂದ ಬಂದವರಿಗೆ ಅಲ್ಲಿನ ದೋಸೆ ತಿನ್ನಿಸುವ ಆಸೆ ಎಲ್ಲರಿಗೂ ಇರುತ್ತದೆ. 1943ರ ಹೋಟೆಲು, ಹಾಗೇ ಉಳಿದ ಹೆಸರು. ಆದರೆ ಶನಿವಾರ-ಭಾನುವಾರ ಹೊರಗೆ ಹೆಸರು ಬರೆಸಿ ಕಾಯಬೇಕು, ಒಳಗೆ ಗುರುತಿಲ್ಲದವರ ಪಕ್ಕ ಒತ್ತಿಕೊಂಡು ಕೂರಬೇಕು, ತಿಂದ ಮೇಲೆ ಕೂತೇ ಇದ್ದರೆ ಬಾಗಿಲಲ್ಲಿ ನಿಂತವರ ಕಣ್ಣು ನಿಮ್ಮ ಮೇಲೆ. ಕಾಯುವಾಗ ಹೊರಡಲಾಗದು, ಕೂತ ಮೇಲೆ ಮಾತಾಡಲಾಗದು. ಎರಡನೆಯ ಭೇಟಿಗೆ ಇಟ್ಟುಕೊಳ್ಳಿ. ಶುಕ್ರವಾರ ರಜೆ, ನೆನಪಿರಲಿ.

ಚರ್ಚ್ ಸ್ಟ್ರೀಟ್ ಚೆನ್ನಾಗಿ ಒಗ್ಗುತ್ತದೆ. ಎಂ.ಜಿ. ರಸ್ತೆ ಮೆಟ್ರೊದಿಂದ ನಡೆದು ಹೋಗುವ ದೂರ, ಬ್ಲಾಸಮ್, ಬುಕ್‌ವರ್ಮ್‌ನಂಥ ಪುಸ್ತಕದಂಗಡಿಗಳು, ಇಂಡಿಯನ್ ಕಾಫಿ ಹೌಸ್. ಪುಸ್ತಕದ ಕಪಾಟಿನ ಮುಂದೆ ನಿಂತರೆ ಮಾತಿಲ್ಲದ ಗಳಿಗೆಯೂ ಮುಜುಗರ ಆಗುವುದಿಲ್ಲ. ಒಬ್ಬರು ಒಂದು ಪುಸ್ತಕ ತೆಗೆದು ‘ಇದು ಓದಿದ್ದೀರಾ?’ ಅಂದರೆ ಮತ್ತೆ ಶುರು. ಕಬ್ಬನ್ ಪಾರ್ಕೂ ಆಗಬಹುದು, ಆದರೆ ‘ಕಬ್ಬನ್ ಪಾರ್ಕಿನಲ್ಲಿ ಸಿಗೋಣ’ ಎಂದರೆ ಏನೂ ಹೇಳಿದಂತಲ್ಲ, ಅದು ಅಷ್ಟು ದೊಡ್ಡದು. ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯದ ಮುಂದೆ, ಭಾನುವಾರ ಬೆಳಿಗ್ಗೆ, ಎಂದು ಹೇಳಿ. ಬಿದಿರು ಮೆಳೆಗಳ ಒಳಗಿನ ಬೆಂಚು ಬೇಡ, ಕತ್ತಲಾದ ಮೇಲಂತೂ ಬೇಡವೇ ಬೇಡ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ದಿನಗಳನ್ನು, ಅಂದರೆ ಸ್ವಾತಂತ್ರ್ಯ ದಿನ ಮತ್ತು ಗಣರಾಜ್ಯ ದಿನದ ಆಸುಪಾಸನ್ನು, ಬಿಟ್ಟುಬಿಡಿ. ಆ ಜಂಗುಳಿಯಲ್ಲಿ ಗೆಳೆಯರನ್ನು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ, ಫೋನೂ ಸರಿಯಾಗಿ ಸಿಗುವುದಿಲ್ಲ.

ಸಿನಿಮಾ ಬೇಡ. ಎರಡೂವರೆ ಗಂಟೆ ಕತ್ತಲಲ್ಲಿ ಕೂತು ಬಂದರೆ ಒಬ್ಬರಿಗೊಬ್ಬರು ಏನೂ ತಿಳಿದಿರುವುದಿಲ್ಲ. ನಾಟಕವೂ ಹಾಗೇ. ರಂಗಶಂಕರಕ್ಕೆ ಕರೆದೊಯ್ಯುವ ಆಸೆ ಇದ್ದರೆ ನಾಟಕಕ್ಕೆ ಒಂದು ಗಂಟೆ ಮುಂಚೆ ಅಲ್ಲಿನ ಕ್ಯಾಂಟೀನಿನಲ್ಲಿ ಸಿಕ್ಕು ಮಾತಾಡಿ. ಟಿಕೆಟ್ ಒಟ್ಟಿಗೆ ತೆಗೆಯಬೇಕೋ ಬೇಡವೋ ಆಮೇಲೆ ನೋಡಿಕೊಳ್ಳಬಹುದು.

ಇನ್ನು ನಂದಿ ಬೆಟ್ಟ. ‘ಬೆಳಿಗ್ಗೆ ನಾಲ್ಕಕ್ಕೆ ಬೈಕಲ್ಲಿ ಬಂದು ಕರ್ಕೊಂಡು ಹೋಗ್ತೀನಿ, ಸೂರ್ಯೋದಯ ನೋಡೋಣ’ ಎಂಬ ಆಹ್ವಾನ ಬೆಂಗಳೂರಿನಲ್ಲಿ ಯಾರಿಗೆ ಬಂದಿಲ್ಲ ಹೇಳಿ. ಕೇಳಲು ಚೆಂದ. ಅದರಲ್ಲಿ ಏನೇನಿದೆ ನೋಡಿ: ಕತ್ತಲು, ಅರವತ್ತು ಕಿಲೋಮೀಟರ್ ದೂರ, ಅವರ ಗಾಡಿ, ಅವರಿಗೆ ಗೊತ್ತಾಗುವ ನಿಮ್ಮ ಮನೆಯ ವಿಳಾಸ, ಮಧ್ಯದಲ್ಲಿ ಇಳಿದರೆ ಹೆದ್ದಾರಿ. ಎದ್ದು ಬರುವ ದಾರಿ ಒಂದೂ ಇಲ್ಲ. ಸಕಲೇಶಪುರದ ಹೋಂಸ್ಟೇ, ‘ನನ್ನ ರೂಮು ಇಲ್ಲೇ ಹತ್ತಿರ’, ‘ಮಳೆ ಬರ್ತಿದೆ, ಕಾರಲ್ಲೇ ಕೂರೋಣ’, ಇವೂ ಅದೇ ಪಟ್ಟಿಗೆ ಸೇರುತ್ತವೆ.

ಇಲ್ಲಿ ಗಂಡಸರಿಗೆ ಒಂದು ಮಾತು. ಸುರಕ್ಷತೆ ಹೆಂಗಸರ ವಿಷಯ ಎಂದುಕೊಂಡೇ ಎಷ್ಟೋ ಜನ ಹನಿಟ್ರ್ಯಾಪ್‌ಗೆ ಬೀಳುತ್ತಾರೆ. ರೂಮಿಗೆ ಕರೆಸಿಕೊಳ್ಳುವುದು, ಐದು ನಿಮಿಷಕ್ಕೆ ‘ಗಂಡ’ ಅಥವಾ ‘ಪೊಲೀಸ್’ ವೇಷದಲ್ಲಿ ಇಬ್ಬರು ನುಗ್ಗುವುದು, ವಿಡಿಯೊ ತೋರಿಸಿ ದುಡ್ಡು ಕೀಳುವುದು. ಹೊಡೆತಕ್ಕಿಂತ ಮರ್ಯಾದೆಯ ಭಯಕ್ಕೇ ಹೆಚ್ಚಿನವರು ದುಡ್ಡು ಕೊಡುತ್ತಾರೆ. ಸಲಿಂಗಿ ಗೆಳೆಯರ ಭೇಟಿಯಲ್ಲಿ ಇದರ ಇನ್ನೊಂದು ರೂಪ ಇದೆ: ‘ಪೊಲೀಸರಿಗೆ ಹೇಳ್ತೀವಿ, ಕೇಸ್ ಹಾಕಿಸ್ತೀವಿ’. ಪ್ರಾಪ್ತ ವಯಸ್ಕರ ಒಪ್ಪಿತ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿಯಾಗಿದೆ. ಆ ಬೆದರಿಕೆಯಲ್ಲಿ ಹುರುಳಿಲ್ಲ, ಬೆದರಿಸಿ ದುಡ್ಡು ಕೇಳುವುದೇ ಅಪರಾಧ.

ಬೇರೆ ಊರಿಂದ ಬರುವುದಾದರೆ

ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹತ್ತಿದವರು ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಾರೆ. ನಿದ್ದೆಗಣ್ಣು, ಬ್ಯಾಗು, ಹಲ್ಲುಜ್ಜಿಲ್ಲ. ಆ ಹೊತ್ತಲ್ಲಿ ಗೆಳೆಯ ಬಂದು ಕರೆದೊಯ್ಯುವ ಏರ್ಪಾಡು ಮಾಡಿಕೊಳ್ಳಬೇಡಿ. ರೈಲಿನಲ್ಲಿ ಬಂದರೆ ನಿಲ್ದಾಣದ ವೇಟಿಂಗ್ ರೂಮಿನಲ್ಲಿ ಮುಖ ತೊಳೆದು, ಬ್ಯಾಗನ್ನು ಕ್ಲೋಕ್ ರೂಮಿನಲ್ಲಿಟ್ಟು, ತಿಂಡಿ ತಿಂದು, ಹತ್ತು ಗಂಟೆಗೆ ನಿಮ್ಮ ಕಾಲ ಮೇಲೆ ಭೇಟಿಯ ಜಾಗಕ್ಕೆ ಹೋಗಿ. ಕೈಯಲ್ಲಿ ಲಗೇಜು ಇದ್ದರೆ ‘ನಮ್ಮ ಮನೆಯಲ್ಲಿಟ್ಟು ಬರೋಣ’ ಎಂಬ ಮಾತು ತಾನಾಗಿ ಬರುತ್ತದೆ.

ಮೊದಲ ಸಲ ಅವರ ಮನೆಯಲ್ಲಿ ಉಳಿಯಬೇಡಿ, ಅವರ ತಾಯಿಯೇ ಕರೆದರೂ. ಸಂಬಂಧಿಕರ ಮನೆ, ಲಾಡ್ಜು, ಅದೂ ಆಗದಿದ್ದರೆ ಅದೇ ರಾತ್ರಿ ವಾಪಸ್. ಹೋಗುವ ಟಿಕೆಟ್ಟಿನ ಜೊತೆಗೇ ಬರುವ ಟಿಕೆಟ್ಟನ್ನೂ ಮಾಡಿಸಿ. ‘ರಾತ್ರಿ ಎಂಟೂವರೆಗೆ ಬಸ್ಸು’ ಎಂಬುದಕ್ಕಿಂತ ಒಳ್ಳೆಯ ಕಾರಣ ಬೇಕಾಗಿಲ್ಲ. ಹೆಂಗಸರಿಗೆ ಶಕ್ತಿ ಯೋಜನೆ ಇದೆಯಲ್ಲ, 2023ರ ಜೂನ್‌ನಿಂದ. ಅದು ಸರ್ಕಾರಿ ಸಾಮಾನ್ಯ ಬಸ್ಸು, ವೇಗದೂತಗಳಿಗೆ ಮಾತ್ರ, ರಾಜಹಂಸ, ಐರಾವತಕ್ಕಿಲ್ಲ. ಆದರೂ ಕೈಯಲ್ಲಿ ದುಡ್ಡಿಲ್ಲದಿದ್ದರೂ ಊರು ಸೇರಬಹುದು ಎಂಬ ಧೈರ್ಯ ಸಣ್ಣದಲ್ಲ. ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಲಿ.

ಇಬ್ಬರೂ ದೂರದವರಾದರೆ ಮಧ್ಯದ ಊರು ನೋಡಿ. ಬೆಂಗಳೂರು-ಹುಬ್ಬಳ್ಳಿಯವರಿಗೆ ದಾವಣಗೆರೆ ಇದೆ: ಬಸ್ಸು-ರೈಲು ಧಾರಾಳ, ಕುಂದವಾಡ ಕೆರೆಯ ಹತ್ತಿರ ಗಾಜಿನ ಮನೆ, ಬೆಣ್ಣೆ ದೋಸೆಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಇಬ್ಬರೂ ಅತಿಥಿಗಳೇ, ಉಪಚಾರದ ಹೊರೆ ಯಾರ ಮೇಲೂ ಇಲ್ಲ, ಇಬ್ಬರಿಗೂ ಸಂಜೆ ಅವರವರ ಬಸ್ಸು.

ಸಣ್ಣ ಊರಿನ ಕಷ್ಟ

ಶಿರಸಿಯಲ್ಲೋ ಗಂಗಾವತಿಯಲ್ಲೋ ಅಪಾಯ ಅಪರಿಚಿತರಿಂದ ಅಷ್ಟಿಲ್ಲ, ಪರಿಚಿತರಿಂದ. ಹೋಟೆಲಿನಲ್ಲಿ ಕೂತ ಹತ್ತು ನಿಮಿಷಕ್ಕೆ ‘ನೀನು ಮಾಸ್ತರ ಮಗಳಲ್ವಾ?’ ಎಂದು ಒಬ್ಬರು ಬಂದೇ ಬರುತ್ತಾರೆ. ಬಚ್ಚಿಟ್ಟುಕೊಳ್ಳಲು ಊರಾಚೆಯ ಗುಡ್ಡಕ್ಕೋ ಡ್ಯಾಮಿಗೋ ಹೋಗುವುದು ಕೆಟ್ಟ ಉಪಾಯ. ಹೋಗಲು ಒಂದು ನೆಪ ಇರುವ ಜಾಗವೇ ಮೇಲು: ಗ್ರಂಥಾಲಯ, ಪುಸ್ತಕ ಬಿಡುಗಡೆ, ಯಕ್ಷಗಾನ, ಧಾರವಾಡದ ಕೃಷಿ ಮೇಳದಂಥ ಕಾರ್ಯಕ್ರಮ. ಇನ್ನೂ ಇಬ್ಬರು ಗೆಳೆಯರನ್ನು ಸೇರಿಸಿ ನಾಲ್ವರಾದರೆ ನೋಡುವವರಿಗೆ ಕಥೆ ಕಟ್ಟಲು ಏನೂ ಉಳಿಯುವುದಿಲ್ಲ.

ಕರಾವಳಿಯಲ್ಲಿ, ಮತ್ತೆ ಅಲ್ಲಿ ಮಾತ್ರವೂ ಅಲ್ಲ, ಬೇರೆ ಬೇರೆ ಧರ್ಮದ ಹುಡುಗ-ಹುಡುಗಿ ಜೊತೆಗೆ ಕಂಡರೆ ತಡೆದು ಹೆಸರು ಕೇಳುವ, ಫೋನ್ ಕಿತ್ತುಕೊಳ್ಳುವ, ಹಲ್ಲೆ ಮಾಡುವ ಗುಂಪುಗಳಿವೆ. ಇದನ್ನು ಬರೆಯಲು ಬೇಸರ, ಬರೆಯದಿದ್ದರೆ ಮಾರ್ಗದರ್ಶಿ ಅಪೂರ್ಣ. ಹಾಗಾದರೆ ವಾದಕ್ಕೆ ಇಳಿಯಬೇಡಿ, ಜನ ಇರುವ ಅಂಗಡಿಯೊಳಗೆ ಹೋಗಿ, 112ಕ್ಕೆ ಕರೆ ಮಾಡಿ, ಅವರ ಜೊತೆ ಎಲ್ಲಿಗೂ ಹೋಗಬೇಡಿ.

ಆ ದಿನ

ಹಗಲು ಹೊತ್ತೇ ಆಗಲಿ. ಫೋನು ಪೂರ್ತಿ ಚಾರ್ಜ್, ಪವರ್ ಬ್ಯಾಂಕ್, ಸ್ವಲ್ಪ ನಗದು. ನಿಮ್ಮ ಗಾಡಿ ಅಥವಾ ಮೆಟ್ರೊ, ಅವರ ಗಾಡಿ ಅಲ್ಲ. ‘ಮೆಟ್ರೊ ಹತ್ತಿರ’ ಎಂದರೆ ಸಾಲದು, ಒಂದೊಂದು ನಿಲ್ದಾಣಕ್ಕೂ ಹಲವು ಗೇಟು. ಯಾವ ರಸ್ತೆಯ ಕಡೆಯ ಗೇಟು, ಯಾವ ಅಂಗಡಿಯ ಮುಂದೆ, ಯಾವ ಬಣ್ಣದ ಅಂಗಿ ಎಂದು ಹೇಳಿಕೊಳ್ಳಿ. ಏನೆಂದು ಕರೆಯಬೇಕು ಎಂದೂ ಮೊದಲೇ ಕೇಳಿಟ್ಟುಕೊಳ್ಳಿ. ತುಂಬಿದ ಹೋಟೆಲಿನಲ್ಲಿ ‘ನೊಂದ ಜೀವಿ ಅವರೇ’ ಎಂದು ಐಡಿಯ ಹೆಸರು ಹಿಡಿದು ಕೂಗುವುದು ಯಾರಿಗೂ ಬೇಡ.

ಹತ್ತು ನಿಮಿಷ ಮುಂಚೆ ಹೋಗಿ, ಸ್ವಲ್ಪ ಆಚೆ ನಿಂತು ನೋಡಿ. ಬಂದವರು ವಿಡಿಯೊದಲ್ಲಿ ಕಂಡವರಲ್ಲ, ಅಥವಾ ಒಬ್ಬರೇ ಬರುತ್ತೇನೆಂದವರು ಮೂವರಾಗಿ ಬಂದಿದ್ದಾರೆ ಎಂದರೆ ಎದುರಿಗೆ ಹೋಗಲೇಬೇಡಿ. ಮನೆಗೆ ಬಂದು ಮೆಸೇಜ್ ಮಾಡಿದರೆ ಸಾಕು.

ಸಿಕ್ಕ ಕೂಡಲೇ, ಕುರ್ಚಿ ಎಳೆಯುವಾಗಲೇ, ‘ನಾನು ಹನ್ನೆರಡೂವರೆಗೆ ಹೊರಡಬೇಕು’ ಅಂದುಬಿಡಿ. ಮೊದಲೇ ಹೇಳಿದರೆ ಅದು ಮಾಹಿತಿ, ಮಧ್ಯದಲ್ಲಿ ಹೇಳಿದರೆ ನೆಪದಂತೆ ಕೇಳಿಸುತ್ತದೆ.

ಮೊದಲ ಹದಿನೈದು ನಿಮಿಷ ಬಹುತೇಕ ಎಲ್ಲರಿಗೂ ಕೆಡುತ್ತದೆ. ಪುಟಗಟ್ಟಲೆ ಮೆಸೇಜ್ ಬರೆಯುವವರು ‘ಹೂಂ’, ‘ಹೌದು’ಗಳಲ್ಲಿ ಉತ್ತರಿಸುತ್ತಾರೆ. ಜಾಣ ಕಾಮೆಂಟ್ ಹಾಕುವವರು ಮೆನು ಕಾರ್ಡನ್ನೇ ಓದುತ್ತಿರುತ್ತಾರೆ. ಅವರು ಬದಲಾಗಿಲ್ಲ. ಆನ್‌ಲೈನ್‌ನಲ್ಲಿ ಯೋಚಿಸಿ ಬರೆಯಲು ಸಿಗುತ್ತಿದ್ದ ಎರಡು ನಿಮಿಷ ಇಲ್ಲಿ ಸಿಗುವುದಿಲ್ಲ, ಅಷ್ಟೇ. ನಿಮ್ಮನ್ನು ಪರಿಚಯ ಮಾಡಿಸಿದ ವಿಷಯಕ್ಕೇ ಮರಳಿ: ಆ ಆಟ, ಆ ಹಕ್ಕಿ, ಗುಂಪಿನಲ್ಲಿ ಹೋದ ವಾರ ನಡೆದ ರಗಳೆ. ಗುಂಪಿನ ಇತರರ ಬಗ್ಗೆ ಸ್ವಲ್ಪ ಆಡಿಕೊಳ್ಳುವುದು ಗೆಳೆತನ ಬೆಳೆಸುತ್ತದೆ, ನನಗೇನೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಬೇಡದ್ದೆಂದರೆ ಸಂಬಳ, ಜಾತಿ, ‘ಫೋಟೋದಲ್ಲಿ ತೆಳ್ಳಗಿದ್ರಿ’.

ಉಡುಗೊರೆ ಕೊಡಬೇಕೆನಿಸಿದರೆ ತಿಂದು ಮುಗಿಯುವಂಥದ್ದು ಅಥವಾ ಓದುವಂಥದ್ದು: ಧಾರವಾಡದಿಂದ ಬರುವವರು ಪೇಡೆ, ಬೆಳಗಾವಿಯವರು ಕುಂದಾ, ಉಳಿದವರು ಒಂದು ಪುಸ್ತಕ. ಬೆಲೆ ಬಾಳುವ ವಾಚು, ಬಟ್ಟೆ ಕೊಟ್ಟರೆ ತೆಗೆದುಕೊಂಡವರು ಋಣದಲ್ಲಿ ಬೀಳುತ್ತಾರೆ. ನಿಮಗೆ ಯಾರಾದರೂ ಕೊಟ್ಟರೆ ‘ಇಷ್ಟೆಲ್ಲ ಬೇಡ’ ಎಂದು ಅಲ್ಲೇ ವಾಪಸ್ ಕೊಡಿ. ಮೊದಲ ಭೇಟಿಯಲ್ಲಿ ಕುಡಿತ ಬೇಡ. ಟಾಯ್ಲೆಟ್ಟಿಗೆ ಹೋಗುವಾಗ ಲೋಟ ಖಾಲಿ ಮಾಡಿ ಹೋಗಿ, ಬ್ಯಾಗು, ಫೋನು ಜೊತೆಗೇ ಇರಲಿ.

ಬಿಲ್ಲು ಅರ್ಧರ್ಧ. ಕೌಂಟರಿನ ಮುಂದೆ ‘ನಾನು ಕೊಡ್ತೀನಿ’, ‘ಇಲ್ಲ ನಾನು’ ಎಂದು ಕೈ ಎಳೆದಾಡುವುದು ನಮ್ಮಲ್ಲಿ ಮರ್ಯಾದೆಯ ಭಾಗ, ಒಪ್ಪುತ್ತೇನೆ. ಹಾಗಾದರೆ ಕಾಫಿ ಒಬ್ಬರದ್ದು, ದೋಸೆ ಒಬ್ಬರದ್ದು ಎಂದು ಹಂಚಿಕೊಳ್ಳಿ.

ಫೋಟೋ ತೆಗೆಯುವ ಮುನ್ನ ಕೇಳಿ, ಹಾಕುವ ಮುನ್ನ ಇನ್ನೊಮ್ಮೆ ಕೇಳಿ. ಅವರು ಮನೆಯಲ್ಲಿ ಲೈಬ್ರರಿಗೆ ಹೋಗುತ್ತೇನೆಂದು ಹೇಳಿ ಬಂದಿರಬಹುದು. ನಿಮ್ಮ ಒಂದು ಸ್ಟೋರಿ, ಅದರಲ್ಲೊಂದು ಟ್ಯಾಗು, ಸಾಕು ಅವರ ಸಂಜೆ ಕೆಡಲು.

ಹೇಳಿದ ಹೊತ್ತಿಗೆ ಏಳಿ, ಮಾತು ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ. ಇನ್ನೂ ಇರಬೇಕಿತ್ತು ಅನ್ನಿಸಿದರೆ ಎರಡನೆಯ ಭೇಟಿ ಇದ್ದೇ ಇದೆ. ‘ಮನೆಗೆ ಬಿಡ್ತೀನಿ’ ಎಂದರೆ ‘ಮೆಟ್ರೊವರೆಗೆ ನಡೆಯೋಣ’ ಅನ್ನಿ. ಆಟೊ ಬುಕ್ ಮಾಡುವಾಗ ಇಳಿಯುವ ಜಾಗವನ್ನು ಮನೆಗಿಂತ ಒಂದು ರಸ್ತೆ ಆಚೆ ಇಟ್ಟುಕೊಳ್ಳಿ. ಮನೆ ತಲುಪಿದ ಮೇಲೆ ಕಾಯುತ್ತಿರುವ ಗೆಳತಿಗೆ ಹೇಳಿ, ಆಮೇಲೆ ಲೊಕೇಶನ್ ನಿಲ್ಲಿಸಿ.

ಎಲ್ಲ ಲೆಕ್ಕ ತಪ್ಪಿ ಅಲ್ಲಿಯೇ ಹೆದರಿಕೆಯಾದರೆ ಸೌಜನ್ಯ ಬಿಡಿ. ಎದ್ದು ಕೌಂಟರಿನ ಹತ್ತಿರ ಹೋಗಿ, ‘ಇವರು ತೊಂದರೆ ಕೊಡ್ತಿದ್ದಾರೆ’ ಎಂದು ಗಟ್ಟಿಯಾಗಿ ಹೇಳಿ. 112 ಪೊಲೀಸ್, ಆಂಬುಲೆನ್ಸ್ ಎರಡಕ್ಕೂ ಆಗುತ್ತದೆ. ಫೋನಿನ ತುರ್ತು ಕರೆಯ ಸೌಲಭ್ಯ ಹೇಗೆ ಕೆಲಸ ಮಾಡುತ್ತದೆ ಎಂದು ಹಿಂದಿನ ದಿನವೇ ನೋಡಿಟ್ಟಿರಿ. ದೂರು ಕೊಡಬೇಕಾದರೆ ಘಟನೆ ಯಾವ ಠಾಣೆಯ ವ್ಯಾಪ್ತಿಯದ್ದು ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಯಾವ ಠಾಣೆಯಲ್ಲಾದರೂ ಜೀರೊ ಎಫ್‌ಐಆರ್ ದಾಖಲಿಸಬಹುದು.

ಬೇಡ ಅನ್ನಿಸಿದರೆ

ಇದಕ್ಕೆ ನಮ್ಮವರು ಹಿಡಿಯುವ ದಾರಿ ಎಂದರೆ ಉತ್ತರಿಸದೆ ಸುಮ್ಮನಿರುವುದು. ‘ಸ್ವಲ್ಪ ಬಿಝಿ’, ‘ನೋಡೋಣ’, ‘ಮುಂದಿನ ತಿಂಗಳು’. ಎದುರಿನವರಿಗೆ ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಪಾಪ, ಕಾಯುತ್ತ ಕೂರುತ್ತಾರೆ. ಎರಡು ದಿನದೊಳಗೆ ಒಂದೇ ಮೆಸೇಜ್ ಕಳಿಸಿ, ಹೀಗೆ: ‘ಬಂದು ಸಿಕ್ಕಿದ್ದಕ್ಕೆ ಥ್ಯಾಂಕ್ಸ್. ನನಗೆ ಗುಂಪಿನಲ್ಲಿ ಮಾತಾಡೋದೇ ಹಿತ, ಬೇರೆಯಾಗಿ ಭೇಟಿ ಮುಂದುವರಿಸೋ ಮನಸ್ಸಿಲ್ಲ. ಬೇಜಾರು ಮಾಡ್ಕೋಬೇಡಿ.’ ಕಾರಣ ವಿವರಿಸಬೇಡಿ. ಕಾರಣ ಕೊಟ್ಟರೆ ಅದನ್ನು ಪರಿಹರಿಸಲು ಹೊರಡುತ್ತಾರೆ.

ಸ್ಪಷ್ಟವಾಗಿ ಹೇಳುವುದಕ್ಕೆ ಕಾನೂನಿನ ಬಲವೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ, ಹೆಣ್ಣೊಬ್ಬಳು ಆಸಕ್ತಿ ಇಲ್ಲ ಎಂದು ಸ್ಪಷ್ಟವಾಗಿ ಸೂಚಿಸಿದ ಮೇಲೂ ಗಂಡಸು ಪದೇ ಪದೇ ಸಂಪರ್ಕಿಸುವುದು, ಹಿಂಬಾಲಿಸುವುದು ಅಪರಾಧ. ಆ ಒಂದು ಮೆಸೇಜೇ ಸಾಕ್ಷಿ. ಅದಾದ ಮೇಲೂ ಕಾಟ ಕೊಟ್ಟರೆ, ಫೋಟೋ ಹಾಕುತ್ತೇನೆಂದು ಬೆದರಿಸಿದರೆ, ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದು ಗೆಳತಿಗೂ ಕಳಿಸಿ, ಆಮೇಲೆ ಬ್ಲಾಕ್ ಮಾಡಿ, ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ದುಡ್ಡು ಮಾತ್ರ ಕೊಡಬೇಡಿ. ಒಂದು ಸಲ ಕೊಟ್ಟವರನ್ನು ಎರಡನೆಯ ಸಲವೂ ಕೇಳುತ್ತಾರೆ.

ಇಬ್ಬರೂ ಒಂದೇ ಗುಂಪಿನಲ್ಲಿದ್ದರೆ ಮರುದಿನ ಅಲ್ಲಿ ‘ಭೇಟಿ ಹೇಗಾಯ್ತು?’ ಎಂದು ನಾಲ್ಕು ಜನ ಕೇಳುತ್ತಾರೆ. ‘ಚೆನ್ನಾಗಿತ್ತು, ಕಾಫಿ ಕುಡಿದ್ವಿ’ ಎಂದಷ್ಟೇ ಬರೆಯಿರಿ. ನಿಜವಾಗಿ ಅಪಾಯಕಾರಿ ಮನುಷ್ಯ ಎಂದು ಅನುಭವಕ್ಕೆ ಬಂದಿದ್ದರೆ ಮಾತ್ರ ಗುಂಪಿನ ಅಡ್ಮಿನ್‌ಗೆ ಖಾಸಗಿಯಾಗಿ, ಏನಾಯಿತೋ ಅಷ್ಟನ್ನೇ ತಿಳಿಸಿ. ಅವರ ಮುಂದಿನ ಭೇಟಿಗೆ ಇನ್ನೊಬ್ಬರು ಆಗಲೇ ದಿನ ಗೊತ್ತು ಮಾಡಿಕೊಂಡಿರಬಹುದು.